ಪ್ಯಾಲಿಯೇಟಿವ್ ವಾರ್ಡಿಗೆ ಸ್ವಯಂಸೇವಕಿಯಾಗಿ ಹೋಗುವವಳಿದ್ದೇನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ಈ ವರ್ಷ ನಿವೃತ್ತಳಾದೆ. ಕ್ಯಾನ್ಸರ್ ಆಸ್ಪತ್ರೆಯೊಂದರ ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ಗುಣವಾಗದ ರೋಗಿಗಳ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವ ಕಡೆ, ವಾರಕ್ಕೆರಡು ದಿನ ಸ್ವಯಂಸೇವೆ ಮಾಡಲು ಹೆಸರು ಕೊಟ್ಟಿದ್ದೇನೆ. ಮುಂದಿನ ತಿಂಗಳು ತರಬೇತಿ. ಗುಣವಾಗುವುದಿಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ಆ ಮನೆಯವರ ಎದುರು ನಾನೇನು ಮಾತಾಡಲಿ ಎಂಬುದೇ ಅಳುಕು. "ನಂಗೆ ವಾಸಿ ಆಗುತ್ತಾ?" ಎಂದು ರೋಗಿಯೇ ಕೇಳಿಬಿಟ್ಟರೆ? ಯಾರಾದರೂ ದುಡ್ಡು ಕೇಳಿದರೆ? ನನ್ನ ತಾಯಿಯೂ ಇದೇ ಕಾಯಿಲೆಯಿಂದ ಹೋದವರು. ತಡೆದುಕೊಳ್ಳಲು ಆದೀತೇ ಎಂಬ ಯೋಚನೆಯೂ ಇದೆ.

ಬೆಂಗಳೂರು, ಹಲವು ವರ್ಷಗಳಿಂದ ಸ್ವಯಂಸೇವಕಿ

ಮೇಡಂ, ಮಂಚದ ಪಕ್ಕ ನಿಂತು ಮಾತಾಡಬೇಡಿ, ಸ್ಟೂಲ್ ಎಳೆದುಕೊಂಡು ಕೂತುಬಿಡಿ. ಆಸ್ಪತ್ರೆಯಲ್ಲಿ ಬರುವವರೆಲ್ಲ ನಿಂತುಕೊಂಡೇ ಮಾತಾಡಿ ಹೋಗುತ್ತಾರೆ. ಕೂತವರ ಹತ್ತಿರ ಜನ ಬಾಯಿ ಬಿಡುತ್ತಾರೆ. ಯಾವ ಊರು, ಯಾರು ಜೊತೆಗಿದ್ದಾರೆ, ರಾತ್ರಿ ನಿದ್ದೆ ಬಂತಾ, ಇಷ್ಟರಿಂದ ಶುರು ಮಾಡಿ. ರಾಯಚೂರು, ಕೊಪ್ಪಳದ ಕಡೆಯವರಾದರೆ ಈ ಸಲದ ಮಳೆ, ತೊಗರಿ ವಿಚಾರ ತೆಗೆಯಿರಿ. ರೋಗದ ಮಾತನ್ನು ಅವರೇ ಎತ್ತಲಿ.

"ವಾಸಿ ಆಗುತ್ತಾ?" ಎಂದು ಖಂಡಿತ ಕೇಳುತ್ತಾರೆ. ಆಗುತ್ತೆ ಅನ್ನಬೇಡಿ. ಆಗಲ್ಲ ಎಂದು ಹೇಳುವುದು ನಮ್ಮ ಕೆಲಸವಲ್ಲ. "ನಿಮಗೆ ಏನನ್ನಿಸುತ್ತೆ? ಡಾಕ್ಟರ್ ಏನಂದ್ರು?" ಎಂದು ಕೇಳಿ ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗಬಾರದು. ಬಹಳ ಸಲ ಆ ಪ್ರಶ್ನೆಯ ಹಿಂದೆ ಸಾವಿನ ಭಯಕ್ಕಿಂತ ಮಗಳ ಮದುವೆ ಇರುತ್ತದೆ, ಸೊಸೈಟಿ ಸಾಲ ಇರುತ್ತದೆ. ಕೇಳಿದ್ದನ್ನು ಕೌನ್ಸೆಲರ್‌ಗೆ ತಪ್ಪದೆ ತಿಳಿಸಿ.

ಇನ್ನೊಂದು, "ಅಪ್ಪನಿಗೆ ಮಾತ್ರ ಹೇಳಬೇಡಿ" ಎಂದು ಮಕ್ಕಳು ಕಾರಿಡಾರಿನಲ್ಲಿ ಕೈ ಹಿಡಿದುಕೊಳ್ಳುತ್ತಾರೆ. ಒಳಗೆ ಅಪ್ಪ, "ನಂಗೊತ್ತು, ಮಕ್ಕಳಿಗೆ ಗೊತ್ತಾಗೋದು ಬೇಡ" ಅನ್ನುತ್ತಿರುತ್ತಾರೆ. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಿದ್ದಾರೆ, ಅದಕ್ಕೇ ಯಾರನ್ನೂ ಗದರಬೇಡಿ. ಮಕ್ಕಳನ್ನು "ಅವರೇ ಕೇಳಿದರೆ ಏನು ಹೇಳ್ತೀರಿ?" ಎಂದಷ್ಟೇ ಕೇಳಿ ನೋಡಿ. ಈ ಗಂಟು ಬಿಚ್ಚಿದರೆ ಉಳಿದ ದಿನಗಳು ಬೇರೆಯೇ ಆಗುತ್ತವೆ. ಜಮೀನಿನ ಮಾತು, ಕ್ಷಮೆಯ ಮಾತು, ಊರಿಗೆ ಹೋಗುವ ಆಸೆ, ಎಲ್ಲ ಆಗ ಹೊರಗೆ ಬರುತ್ತದೆ. ಬಿಚ್ಚುವ ಕೆಲಸ ಮಾತ್ರ ಡಾಕ್ಟರ್ ಮತ್ತು ಕೌನ್ಸೆಲರ್ ಮಾಡಲಿ.

ಜೊತೆಗಿರುವ ಅಟೆಂಡರನ್ನು ಮರೆಯಬೇಡಿ. ಸಾಮಾನ್ಯವಾಗಿ ಹೆಂಡತಿ, ಇಲ್ಲವೇ ಸೊಸೆ. ಮಂಚದ ಕೆಳಗೆ ಚಾಪೆ ಹಾಸಿ ಮಲಗಿ ಎಷ್ಟು ದಿನವಾಗಿರುತ್ತದೋ. "ನಾನಿಲ್ಲಿ ಕೂತಿರ್ತೀನಿ, ನೀವು ಸ್ನಾನ ಮಾಡಿ ತಿಂಡಿ ತಿಂದು ಬನ್ನಿ ಅಮ್ಮಾ" ಎಂದರೆ ಆಕೆಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಧಾರವಾಡ, ರೋಗಿಯ ಮಗ

ನಾ ಮಂಚದ ಈ ಕಡಿಯಿಂದ ಹೇಳ್ತೀನ್ರಿ. ನಮ್ಮಪ್ಪಗ ದವಡಿ ಕ್ಯಾನ್ಸರ್ ಆಗಿತ್ತು. ಗಾಯದ ವಾಸನಿಗೆ ಮಂದಿ ಬಾಗಲದಾಗ ನಿಂತು, ಮೂಗಿಗೆ ವಸ್ತ್ರ ಹಿಡಕೊಂಡು ಮಾತಾಡಿ ಹೋಗ್ತಿದ್ರು. ಅಪ್ಪಗ ಅದು ಗೊತ್ತಾಗ್ತಿತ್ರಿ. ಒಬ್ಬ ಅಕ್ಕಾರು ಮಾತ್ರ ಬಂದು ಬಾಜೂಕ ಕುಂತು ಕೈ ಹಿಡಕೊಂಡ್ರು. ಅವನಿಗೆ ಮಾತಾಡಾಕ ಬರ್ತಿರಲಿಲ್ಲ, ನೋಟ್‌ಬುಕ್ ಕೊಟ್ರು. "ಎತ್ತು ಮಾರಬ್ಯಾಡ್ರಿ" ಅಂತ ಬರದ. ನಾವು ದವಾಖಾನಿ ಖರ್ಚಿಗೆ ಎತ್ತು ಮಾರಬೇಕಂತ ಮಾಡಿದ್ದು ಅವಂಗ ತಿಳಿದಿತ್ತು, ನಮಗಾರಿಗೂ ಹೇಳಿರಲಿಲ್ಲ.

"ಧೈರ್ಯಾ ತಗೋರಿ", "ಎಲ್ಲಾ ದೇವರ ಇಚ್ಛಾ" ಅನ್ನಬ್ಯಾಡ್ರಿ. ಮಲೆನಾಡಿನ ನಾಟಿ ಔಷಧದಾಗ ನಮ್ಮ ಪರಿಚಯದವರಿಗೆ ಆರಾಮಾತು ಅಂತೂ ಹೇಳಲೇಬ್ಯಾಡ್ರಿ. ಆ ಮಾತು ಕೇಳಿದ ಮನೆಯವರು ರಾತ್ರಿಯೆಲ್ಲಾ "ನಾವ ತಪ್ಪು ಮಾಡಿದ್ವೇನೋ" ಅಂತ ಸಂಕಟಾ ಪಡ್ತಾರ.

ಮೈಸೂರು, ನರ್ಸ್

ಮೇಲಿನವರು ಹೇಳಿದ ವಾಸನೆಗೆ ಉಪಾಯವಿದೆ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸಿ ಡ್ರೆಸಿಂಗ್ ಮಾಡುತ್ತೇವೆ, ಬಹಳ ಕಡಿಮೆಯಾಗುತ್ತದೆ. ನೀವೇ ಮಾಡಬೇಡಿ, ಸಿಸ್ಟರ್‌ಗೆ ಹೇಳಿ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಎಂದರೆ ಮನೆಯವರು ಬೆಚ್ಚುತ್ತಾರೆ. ಚಟ ಹಿಡಿಯುತ್ತೆ, ಇದು ಕೊನೆಯ ಔಷಧಿ ಎಂದು ಮಾತ್ರೆಯನ್ನು ದಿಂಬಿನ ಕೆಳಗಿಡುವವರಿದ್ದಾರೆ. ನೋವಿಗೆಂದು ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಆ ಭಯ ಬೇಡ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ, ಅದಕ್ಕೇ ನೋವು ಬರುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಜೊತೆಗೆ ಮಲಬದ್ಧತೆ ಆಗಿಯೇ ಆಗುತ್ತದೆ, ನಾಚಿಕೆಯಿಂದ ಯಾರೂ ಹೇಳುವುದಿಲ್ಲ. "ಹೊಟ್ಟೆ ಹಗುರಾಗಿದೆಯಾ?" ಎಂದು ನೀವೇ ಕೇಳಿ ನಮಗೆ ತಿಳಿಸಿದರೆ ದೊಡ್ಡ ಸಹಾಯ.

ಡಿಸ್ಚಾರ್ಜ್ ದಿನ ಕೇಳಲೇಬೇಕಾದದ್ದು, ಊರಲ್ಲಿ ಮಾತ್ರೆ ಮುಗಿದರೆ ಎಲ್ಲಿ ಸಿಗುತ್ತದೆ? 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಮಾರ್ಫಿನ್ ಇಟ್ಟುಕೊಳ್ಳುವ ನಿಯಮ ಸುಲಭವಾಯಿತು. ಆದರೂ ಸಾಮಾನ್ಯವಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ, ಮೂಲೆಯ ಮೆಡಿಕಲ್ ಶಾಪಿನಲ್ಲಿ ಇರುವುದಿಲ್ಲ.

ಕೊನೆಯ ದಿನಗಳಲ್ಲಿ "ಒಂದು ತುತ್ತೂ ತಿಂತಿಲ್ಲ, ಡ್ರಿಪ್ ಹಾಕಿಸಿ" ಎಂದು ಮನೆಯವರು ಅಳುತ್ತಾರೆ. ದೇಹ ಊಟ ಕೇಳುವುದನ್ನು ಬಿಟ್ಟಿರುತ್ತದೆ ಎಂದು ನಾವು ವಿವರಿಸುತ್ತೇವೆ. ನೀವು ಅವರ ಕೈಗೊಂದು ಕೆಲಸ ಕೊಡಿ. ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಪಾದಕ್ಕೆ ಎಣ್ಣೆ ಸವರುವುದು. ಊಟ ಕೊಡಲಾಗದ ಸಂಕಟ ಅದರಲ್ಲಿ ಸ್ವಲ್ಪ ಇಳಿಯುತ್ತದೆ.

ಕಾಸರಗೋಡು, ಪಂಚಾಯತಿನ ಸ್ವಯಂಸೇವಕ

ನಮ್ಮಲ್ಲಿ ಈ ಕೆಲಸ ಆಸ್ಪತ್ರೆಗಿಂತ ಹೆಚ್ಚಾಗಿ ಮನೆಮನೆಗೆ ಹೋಗಿ ಆಗುವುದು. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಶುರುವಾದದ್ದು ಊರಿನವರ ಕೈಗೆ ಬಂತು, 2008ರಲ್ಲಿ ಕೇರಳ ಸರಕಾರ ನೀತಿಯನ್ನೇ ತಂದಿತು. ಈಗ ಪಂಚಾಯತಿನ ನರ್ಸ್ ಜೊತೆ ನಾವೂ ಹೋಗುತ್ತೇವೆ. ನನಗೆ ಅನಿಸುವುದು, ರೋಗಿ ಡಿಸ್ಚಾರ್ಜ್ ಆದ ಮೇಲೂ ಒಂದು ಫೋನ್ ಮಾಡಿ. ತೀರಿಕೊಂಡ ಮೇಲೂ ಮಾಡಿ. ಹದಿಮೂರನೇ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಆ ಮನೆಗೆ ಯಾರೂ ಬರುವುದಿಲ್ಲ. ಆಸ್ಪತ್ರೆಯವರ ಒಪ್ಪಿಗೆ ಕೇಳಿಕೊಳ್ಳಿ ಮಾತ್ರ.

ಬೆಂಗಳೂರಿನ ಸ್ವಯಂಸೇವಕಿ, ಮತ್ತೆ

ದುಡ್ಡಿನ ಪ್ರಶ್ನೆ ಉಳಿಯಿತು. ಕೈಯಿಂದ ಕೊಡಬೇಡಿ. ಪಕ್ಕದ ಮಂಚದವರು ನೋಡುತ್ತಿರುತ್ತಾರೆ, ಆಮೇಲೆ ನಿಮ್ಮ ಜೊತೆ ಯಾರೂ ಸಹಜವಾಗಿ ಮಾತಾಡುವುದಿಲ್ಲ. ಮೆಡಿಕಲ್ ಸೋಶಿಯಲ್ ವರ್ಕರ್ ಹತ್ತಿರ ಕರೆದುಕೊಂಡು ಹೋಗಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು, ಅದನ್ನು ಮಾಡಿಸಿಕೊಡುವುದೇ ಒಂದು ದಿನದ ಸಾರ್ಥಕ ಕೆಲಸ. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಇದೆ. 1999ರಿಂದ ಅಲ್ಲಿ ಉಚಿತವಾಗಿ ಆರೈಕೆ ಮಾಡುತ್ತಿದ್ದಾರೆ.

ನಿಮ್ಮ ತಾಯಿಯ ವಿಷಯ ತರಬೇತಿಯಲ್ಲೇ ಹೇಳಿಬಿಡಿ. ಮನೆಯಲ್ಲಿ ಸಾವಾದವರಿಗೆ ಸ್ವಲ್ಪ ಕಾಲ ಬಿಟ್ಟು ಬನ್ನಿ ಅನ್ನುವುದು ಹಲವು ಕಡೆ ರೂಢಿ. ಇನ್ನೂ ಹಸಿಯಾಗಿದೆ ಅನ್ನಿಸಿದರೆ ಮೊದಲು ಓಪಿಡಿಯಲ್ಲಿ ಚೀಟಿ ಮಾಡಿಸಿಕೊಡುವುದು, ದಾರಿ ತೋರಿಸುವುದು ಮಾಡಿ. ವಾರ್ಡಿಗೆ ಆಮೇಲೆ ಬಂದರಾಯಿತು.