‘ಸ್ಟೇಟ್ ಫಂಡೆಡ್ ಮೀಡಿಯಾ’ಗೆ ಕನ್ನಡ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಕೊರೊನಾ ಕಾಲದ ಸುಳ್ಳುಸುದ್ದಿ ಬಗ್ಗೆ ಒಂದು ವಿಡಿಯೊಗೆ ಸಬ್‌ಟೈಟಲ್ ಬರೆಯುತ್ತಿದ್ದೇನೆ, ಸಂಜೆಯೊಳಗೆ ಕಳಿಸಬೇಕು. ರಷ್ಯಾದ ಸುದ್ದಿಸಂಸ್ಥೆಗಳಾದ ಆರ್‌ಟಿ, ಸ್ಪುಟ್ನಿಕ್ ಹೆಸರು ಬಂದಾಗಲೆಲ್ಲ ‘ಸ್ಟೇಟ್ ಫಂಡೆಡ್’ ಅಂತ ಬರುತ್ತದೆ. ‘ರಾಜ್ಯ ಅನುದಾನಿತ’ ಅಂದರೆ ಯಾವ ರಾಜ್ಯ ಅಂತ ಕೇಳುತ್ತಾರೆ. ಸುಮ್ನೆ ‘ಸರ್ಕಾರಿ’ ಅನ್ನೋಣವೆಂದರೆ ಇನ್ನೊಂದು ತೊಡಕು. ಇವುಗಳಿಗೆ ಯೂಟ್ಯೂಬ್ 2018ರಲ್ಲಿ ಹಾಕಿದ ಲೇಬಲ್‌ನಲ್ಲಿ ‘ಫಂಡೆಡ್’ ಇತ್ತು, 2020ರಲ್ಲಿ ಫೇಸ್‌ಬುಕ್ ‘ಕಂಟ್ರೋಲ್ಡ್’ ಅಂದಿತು, ಟ್ವಿಟರ್ ‘ಅಫಿಲಿಯೇಟೆಡ್’ ಅಂದಿತು. ವಿಡಿಯೊದಲ್ಲಿ ಮೂರೂ ಬರುತ್ತವೆ, ಮೂರು ಪದ ಬೇಕು.

---

‘ಅನುದಾನಿತ’ ಬೇಡವೇ ಬೇಡ. ಅದು ಶಾಲೆಗಳ ಮಾತು. ಆಡಳಿತ ಮಂಡಳಿ ಬೇರೆ, ಸರ್ಕಾರ ಬರೀ ಸಂಬಳ ಕೊಡುತ್ತದೆ ಅನ್ನೋ ಅರ್ಥ ಬರುತ್ತದೆ. ಇಲ್ಲಿ ಹಾಗಿಲ್ಲ. 2020ರ ಆಗಸ್ಟ್ 11ರಂದು ಪುಟಿನ್ ಕೊರೊನಾ ಲಸಿಕೆ ‘ಸ್ಪುಟ್ನಿಕ್ ವಿ’ ನೋಂದಣಿಯಾಯಿತು ಅಂದಾಗ ಮೂರನೇ ಹಂತದ ಪ್ರಯೋಗ ಮುಗಿದೇ ಇರಲಿಲ್ಲ, ಆದರೂ ಈ ಸುದ್ದಿಸಂಸ್ಥೆಗಳೆಲ್ಲ ‘ಜಗತ್ತಿನ ಮೊದಲ ಲಸಿಕೆ’ ಅಂತ ಡಂಗುರ ಹೊಡೆದವು. ಇವೇ ಪಾಶ್ಚಾತ್ಯ ಲಸಿಕೆಗಳ ಮೇಲೆ ಅನುಮಾನ ಹುಟ್ಟಿಸುತ್ತಿವೆ ಅಂತ ಐರೋಪ್ಯ ಒಕ್ಕೂಟ 2021ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ‘ಸರ್ಕಾರದ ಹಣದಲ್ಲಿ ನಡೆಯುವ’, ‘ಸರ್ಕಾರದ ಹಿಡಿತದ’, ‘ಸರ್ಕಾರದ ನಂಟಿನ’ ಅಂತ ಬರೆಯಿರಿ. ಮುಗೀತು.

---

> ಸರ್ಕಾರದ ನಂಟಿನ

‘ಸರ್ಕಾರ’ ಪಾರಸಿ ಪದ. ನಂಟು, ಹಿಡಿತ, ಹಣ ಎಲ್ಲ ಅಚ್ಚಗನ್ನಡ ಇರುವಾಗ ನಡುವೆ ಇದೇಕೆ? ‘ಆಳ್ವಿಕೆಯ ಹಣದ ಸುದ್ದಿಮನೆ’ ಅನ್ನಬಹುದು. ‘ಮಾಧ್ಯಮ’ವೂ ಬೇಡ.

---

‘ಹಣ’ ಸಂಸ್ಕೃತದ ‘ಪಣ’ದ ತದ್ಭವ ಸ್ವಾಮಿ, ಕಿಟ್ಟೆಲ್ ನಿಘಂಟು ತೆಗೆದು ನೋಡಿ. ಆಮೇಲೆ ‘ಆಳ್ವಿಕೆ’ ಅಂದರೆ ಜನರಿಗೆ ಟಿಪ್ಪುವಿನ ಆಳ್ವಿಕೆ ನೆನಪಾಗುತ್ತದೆ.

ಇದೆಲ್ಲಕ್ಕಿಂತ ಸೊಗಸಾದದ್ದು ‘ಸ್ಪುಟ್ನಿಕ್’, ಅದನ್ನು ಯಾರೂ ಕೇಳಲಿಲ್ಲ. ‘ಸ್’ ಅಂದರೆ ಜೊತೆ, ‘ಪುತ್’ ಅಂದರೆ ದಾರಿ, ನಮ್ಮ ‘ಪಥ’ದ ದೂರದ ನೆಂಟ. ಒಟ್ಟಿಗೆ ‘ಸಹಪಥಿಕ’. ಲಸಿಕೆಯ ಹೆಸರಿನ ‘ವಿ’ಯನ್ನು ಮಾತ್ರ ರೋಮನ್ ಐದು ಅಂತ ಓದಬೇಡಿ, ಅದು ವ್ಯಾಕ್ಸಿನ್‌ನ ವಿ.

---

> ನಮ್ಮ ‘ಪಥ’ದ

ನಮ್ಮದಲ್ಲ, ಸಂಸ್ಕೃತದ್ದು. ನಮ್ಮದು ದಾರಿ.

---

ಜಗಳ ಆಮೇಲೆ ಆಡಿ, ದಯವಿಟ್ಟು. 2021ರ ಸೆಪ್ಟೆಂಬರ್‌ನಲ್ಲಿ ಕೊರೊನಾ ತಪ್ಪು ಮಾಹಿತಿಗಾಗಿ ಯೂಟ್ಯೂಬ್ ಆರ್‌ಟಿಯ ಜರ್ಮನ್ ಚಾನೆಲ್‌ಗಳನ್ನು ತೆಗೆದುಹಾಕಿತಲ್ಲ, ಆ ದೃಶ್ಯ ನಾಲ್ಕೇ ಸೆಕೆಂಡು. ‘ಸರ್ಕಾರದ ಹಣದಲ್ಲಿ ನಡೆಯುವ’ ಅಂತ ಬರೆದರೆ ಓದಿ ಮುಗಿಸುವಷ್ಟರಲ್ಲಿ ದೃಶ್ಯವೇ ಹೋಗಿರುತ್ತದೆ. ‘ಸರ್ಕಾರಿ ಹಣದ ಚಾನೆಲ್’ ಅಂತ ಹಾಕುತ್ತಿದ್ದೇನೆ. ಹಿಡಿತ, ನಂಟು ಎರಡನ್ನೂ ಇಟ್ಟುಕೊಂಡೆ.

---

‘ಚಾನೆಲ್’ಗೆ ‘ವಾಹಿನಿ’ ಇದೆ ಮೇಡಂ.

---

ಅದೂ ಸಂಸ್ಕೃತ.