ಮದುವೆ ಮಂಟಪದಲ್ಲಿ ಟಿಟಿಎಲ್ ಫ್ಲ್ಯಾಶ್: ಒಂದೊಂದು ಫ್ರೇಮ್‌ಗೆ ಒಂದೊಂದು ಎಕ್ಸ್‌ಪೋಶರ್ ಯಾಕೆ?

ಪ್ರಶ್ನೆ:
ಕ್ಯಾಮೆರಾ ಮ್ಯಾನುಯಲ್ ಮೋಡ್, 1/125, ಎಫ್ 5.6, ಐಎಸ್ಒ 400. ಹಾಟ್ ಶೂ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಮೇಲೆ ಟಿಟಿಎಲ್ ಫ್ಲ್ಯಾಶ್, ಅಂದರೆ ಲೆನ್ಸ್ ಮೂಲಕ ಬಂದ ಬೆಳಕು ಅಳೆದು ಪವರ್ ತಾನೇ ಹೊಂದಿಸುವಂಥದ್ದು. ಬೆಳಕು ಮೇಲ್ಛಾವಣಿಗೆ ಬಡಿದು ಇಳಿಯುವಂತೆ ಬೌನ್ಸ್. ಧಾರೆ ಹೊತ್ತಲ್ಲಿ ವರನ ಬಿಳಿ ಪಂಚೆ, ಶಲ್ಯ ಫ್ರೇಮ್ ತುಂಬಿದರೆ ಮುಖ ಕಪ್ಪು. ರಿಸೆಪ್ಷನ್‌ನಲ್ಲಿ ಕಪ್ಪು ಸೂಟ್ ಬಂದರೆ ಮುಖ ಪೂರಾ ಬಿಳಿ. ಸಾಲಾಗಿ ಹೊಡೆದರೆ ಮೂರನೆಯದು ಕತ್ತಲೆ. ಫ್ಲ್ಯಾಶ್ ಕೆಟ್ಟಿದೆಯಾ, ಸೆಟ್ಟಿಂಗ್ ತಪ್ಪಾ?

ಉತ್ತರ 1:
ಫ್ಲ್ಯಾಶ್ ಕೆಟ್ಟಿಲ್ಲ ಸರ್. ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಒಂದು ಸಣ್ಣ ಪ್ರೀ-ಫ್ಲ್ಯಾಶ್ ಹೊಡೆಯುತ್ತದೆ. ವಾಪಸ್ ಬಂದ ಬೆಳಕನ್ನು ಅಳೆದು, ಎದುರಿಗಿರುವುದೆಲ್ಲ ಮಧ್ಯಮ ಬೂದು ಎಂದುಕೊಂಡು ಕ್ಯಾಮೆರಾ ಪವರ್ ಲೆಕ್ಕ ಹಾಕುತ್ತದೆ. ಬಿಳಿ ಪಂಚೆಯನ್ನೂ ಬೂದು ಮಾಡಲು ಹೋಗಿ ಮುಖವನ್ನು ಕಪ್ಪು ಮಾಡುತ್ತದೆ. ಫ್ಲ್ಯಾಶ್ ಕಾಂಪನ್ಸೇಶನ್ (ಆ ಪವರ್ ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಬಿಳಿಗೆ +0.7ರಿಂದ +1, ಕಪ್ಪು ಸೂಟ್‌ಗೆ -0.7 ಇಡಿ.

ಆದರೆ ಪ್ರತಿ ಫ್ರೇಮ್‌ಗೂ ಡಯಲ್ ತಿರುಗಿಸುತ್ತಾ ಕೂತರೆ ಮುಹೂರ್ತ ಮುಗಿದಿರುತ್ತದೆ. ಅದಕ್ಕಿಂತ ಫ್ಲ್ಯಾಶ್ ಲಾಕ್ ಒಳ್ಳೆಯದು. ಕ್ಯಾನನ್‌ನಲ್ಲಿ ಫ್ರೇಮ್ ಮಧ್ಯದ ವೃತ್ತವನ್ನು ವರನ ಕೆನ್ನೆ ಮೇಲಿಟ್ಟು ಸ್ಟಾರ್ ಬಟನ್ ಒತ್ತಿ. ಪ್ರೀ-ಫ್ಲ್ಯಾಶ್ ಅಲ್ಲೇ ಮುಗಿಯುತ್ತದೆ, ಅಳತೆ ಸುಮಾರು 16 ಸೆಕೆಂಡ್ ಉಳಿಯುತ್ತದೆ, ನಿಧಾನವಾಗಿ ಕಂಪೋಸ್ ಮಾಡಿ ಹೊಡೆಯಿರಿ. ನಿಕಾನ್‌ನಲ್ಲಿ ಇದೇ ಎಫ್‌ವಿ ಲಾಕ್. ಫಂಕ್ಷನ್ ಬಟನ್‌ಗೆ ಕೊಟ್ಟುಕೊಳ್ಳಬೇಕು. ಗೋಧಿ ಮೈಬಣ್ಣ ಬೂದಿಗೆ ಹತ್ತಿರವಿರುವುದರಿಂದ ಸೊನ್ನೆ ಅಥವಾ +0.3 ಸಾಕು. ನೀವು ಮುಂದೆ ಹಿಂದೆ ಸರಿದರೆ ಮತ್ತೆ ಲಾಕ್ ಮಾಡಲೇಬೇಕು. ಇನ್ನೊಂದು ಲಾಭವಿದೆ: ಪ್ರೀ-ಫ್ಲ್ಯಾಶ್‌ಗೆ ರೆಪ್ಪೆ ಬಡಿಯುವವರ ಕಣ್ಣು ಫೋಟೊದಲ್ಲಿ ತೆರೆದಿರುತ್ತದೆ.

ಜರಿ ಅಂಚು, ಬೆಳ್ಳಿ ತಟ್ಟೆ, ಹಿಂದಿನ ಗಾಜು ನೇರ ಫ್ಲ್ಯಾಶ್‌ಗೆ ಮಿಂಚಿದರೂ ಮೀಟರ್ ಮೋಸಹೋಗುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು.

ಉತ್ತರ 2:
ಮೇಲಿನದು ಸರಿ, ಆದರೆ ನಿಮ್ಮ ಐಎಸ್ಒ 400ರಲ್ಲೂ ತೊಂದರೆ ಇದೆ. ಗೈಡ್ ನಂಬರ್ ಅಂದರೆ ಫ್ಲ್ಯಾಶ್‌ನ ಶಕ್ತಿಯ ಅಳತೆ; ಐಎಸ್ಒ 100ರಲ್ಲಿ 36 ಇರುವ ಫ್ಲ್ಯಾಶ್ ಐಎಸ್ಒ 400ರಲ್ಲಿ 72ಕ್ಕೆ ಸಮ. ಅದನ್ನು 5.6ರಿಂದ ಭಾಗಿಸಿದರೆ ನೇರಕ್ಕೆ ಸುಮಾರು 13 ಮೀಟರ್. ಬೌನ್ಸ್‌ನಲ್ಲಿ ಎರಡು ಸ್ಟಾಪ್ ಹೋದರೆ (ಬೆಳಕು ಕಾಲು ಭಾಗಕ್ಕೆ ಇಳಿದರೆ) ಉಳಿಯುವುದು 6.4 ಮೀಟರ್, ಅದೂ ಛಾವಣಿಗೆ ಹೋಗಿ ಮುಖಕ್ಕೆ ಇಳಿಯುವ ಪೂರ್ತಿ ದಾರಿಗೆ. ಕಲ್ಯಾಣ ಮಂಟಪದ ಎತ್ತರದ ಛಾವಣಿಗೆ ಸಾಲದು. ಐಎಸ್ಒ 1600, ಎಫ್ 4 ಮಾಡಿ. ಅದೇ ಲೆಕ್ಕ 18 ಮೀಟರ್ ಆಗುತ್ತದೆ. ಪ್ರತಿ ಸಲ ಫುಲ್ ಪವರ್ ಖರ್ಚಾಗುವುದೂ ತಪ್ಪುತ್ತದೆ. ನಿಮ್ಮ ಮೂರನೆಯ ಫ್ರೇಮ್ ಕತ್ತಲೆಯಾಗುವುದೇ ಅದರಿಂದ: ಫ್ಲ್ಯಾಶ್ ಒಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ತುಂಬುವ ಮೊದಲೇ ಹೊಡೆದಿರುತ್ತೀರಿ. ರೆಡಿ ದೀಪ ಹತ್ತಿದ ಮೇಲೂ ಒಂದೆರಡು ಸೆಕೆಂಡ್ ಬಿಡಿ. ಸೆಲ್ ನಾಲ್ಕೂ ಒಂದೇ ಕಂಪನಿಯ, ಒಂದೇ ವಯಸ್ಸಿನ ನಿಕಲ್ ಮೆಟಲ್ ಹೈಡ್ರೈಡ್ ಇರಲಿ.

ಪ್ರಶ್ನೆ ಕೇಳಿದವರು:
ನನ್ನ ಹಳೆಯ ಫ್ಲ್ಯಾಶ್‌ನಲ್ಲಿ ಟಿಟಿಎಲ್ ಇಲ್ಲ, ಬರೀ 'ಎ' (ಆಟೋ) ಮೋಡ್ ಇದೆ. ಬಳಸಬಹುದಾ?

ಉತ್ತರ 2:
ಖಂಡಿತ. ಪ್ರೀ-ಫ್ಲ್ಯಾಶ್ ಇಲ್ಲದೆ ಫ್ಲ್ಯಾಶ್‌ನ ಮುಂಭಾಗದ ಸೆನ್ಸರ್ ಕಣ್ಣೇ ಬೆಳಕು ಅಳೆದು ಫ್ಲ್ಯಾಶ್ ನಿಲ್ಲಿಸುತ್ತದೆ. ಅದರ ಮೇಲಿನ ಐಎಸ್ಒ, ಅಪರ್ಚರ್ ಕ್ಯಾಮೆರಾದಲ್ಲೂ ಅದೇ ಇರಬೇಕು. ಕಣ್ಣಿಗೆ ಬೆರಳು ಅಡ್ಡ ಬರಬಾರದು. ಬಿಳಿ ಬಟ್ಟೆಗೆ ಇದೂ ಮೋಸಹೋಗುತ್ತದೆ, ಆಗ ಮಾತ್ರ ಕ್ಯಾಮೆರಾದ ಅಪರ್ಚರ್ ಅರ್ಧ ಸ್ಟಾಪ್ ತೆರೆಯಿರಿ. ಆದರೆ ಕ್ಯಾಮೆರಾಗೆ ಹಾಕುವ ಮೊದಲು ಫ್ಲ್ಯಾಶ್ ಆನ್ ಮಾಡಿ, ಚಾರ್ಜ್ ಆದ ಮೇಲೆ ಪಾದದ ನಡುವಿನ ಪಿನ್‌ಗೂ ಪಕ್ಕದ ಲೋಹದ ಅಂಚಿಗೂ ಮಲ್ಟಿಮೀಟರ್ ಹಿಡಿಯಿರಿ. ಫಿಲ್ಮ್ ಕಾಲದ ಕೆಲವದರಲ್ಲಿ 200 ವೋಲ್ಟ್ ದಾಟುತ್ತದೆ, ಡಿಜಿಟಲ್ ಬಾಡಿ ಸುಟ್ಟುಹೋಗಬಹುದು. ನಿಮ್ಮ ಕ್ಯಾಮೆರಾ ಮ್ಯಾನುಯಲ್‌ನಲ್ಲಿ ಹೇಳಿರುವ ಮಿತಿಗಿಂತ ಹೆಚ್ಚು ಬಂದರೆ ಶೂಗೆ ಹಾಕಲೇಬೇಡಿ.