ಸಹಾಯ ಬೇಕು: ಬ್ಲೂಸ್‌ಗೆ ಮೊದಲ ಎಲೆಕ್ಟ್ರಿಕ್ ಗಿಟಾರ್, ಪೆಸಿಫಿಕಾನೋ ಡಾಟೋ?

ನಮಸ್ಕಾರ. ಅಕೂಸ್ಟಿಕ್ ಗಿಟಾರ್‌ನಲ್ಲಿ 12ರ ತಂತಿಗೆ (ಒಂದನೇ ತಂತಿ 0.012 ಇಂಚು ದಪ್ಪದ ಸೆಟ್ಟಿಗೆ) ಪಳಗಿದ ಕೈಗೆ ಬ್ಲೂಸ್ ನುಡಿಸಲು ಎಲೆಕ್ಟ್ರಿಕ್ ಬೇಕು. ಯಮಾಹಾ ಪೆಸಿಫಿಕಾ 112, ಎಪಿಫೋನ್ ಡಾಟ್, ಇವೆರಡೇ ಉಳಿದಿವೆ.

ಪೆಸಿಫಿಕಾದ ಸ್ಕೇಲ್ (ತಂತಿಯ ಮಿಡಿಯುವ ಭಾಗದ ಉದ್ದ) 25.5 ಇಂಚು, ಡಾಟ್‌ದು 24.75. ಎರಡಕ್ಕೂ 10ರ ಸೆಟ್ಟೇ ಹಾಕಿದರೂ ಡಾಟ್‌ನಲ್ಲಿ ಬಿಗಿ ಕಡಿಮೆ, ಮೂರನೇ ತಂತಿ ಎಳೆದು ಬೆಂಡ್ ಮಾಡುವುದು (ಸ್ವರ ಏರಿಸುವುದು) ಸಲೀಸು. (ಅಕೂಸ್ಟಿಕ್‌ನಲ್ಲಿ ಅದು ಮೇಲೆ ಲೋಹದ ಎಳೆ ಸುತ್ತಿದ ತಂತಿ, ಎಳೆದರೆ ಜಗ್ಗುವುದೇ ಇಲ್ಲ.) ಆದರೆ ಡಾಟ್‌ನ ಒಡಲು ಅರೆಪೊಳ್ಳು. ನಡುವೆ ಮರದ ದಿಮ್ಮಿ ಇದ್ದರೂ ಆಂಪ್ ಎದುರು ಕೂತು ಗೇನ್ (ಸಿಗ್ನಲ್ ಹಿಗ್ಗಿಸುವ ಗುಂಡಿ) ಏರಿಸಿದರೆ ಆಂಪ್‌ನ ಸದ್ದು ಒಡಲಿಗೇ ಮರಳಿ ಹೊಕ್ಕು ಊಳಿಡುತ್ತದೆ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ಲೂಸಿಲ್ ಮಾದರಿಯಲ್ಲಿ ಗಿಬ್ಸನ್ ಕಂಪನಿ ಒಡಲಿನ ಮೇಲಿನ ಎಫ್ ಆಕಾರದ ತೂತುಗಳನ್ನೇ ಕೈಬಿಟ್ಟಿದ್ದು ಈ ಕಾಟಕ್ಕೇ. ಪೆಸಿಫಿಕಾದ್ದು ಬೇರೆ ತಕರಾರು: ಬ್ಲೂಸ್‌ಗೆ ಹೆಚ್ಚು ಬೇಕಾಗುವ ನೆಕ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಕತ್ತಿನ ಬದಿಯ ಭಾಗ) ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯದು, ನಮ್ಮ 50 ಹರ್ಟ್ಸ್ ಕರೆಂಟಿಗೆ ಗುಂಯ್‌ಗುಡುತ್ತದೆ.

ಡಾಟ್ ಇಟ್ಟುಕೊಂಡವರು ಹೇಳಿ: ಹತ್ತಕ್ಕೆ ಹತ್ತಡಿ ಕೋಣೆಯಲ್ಲಿ 15 ವಾಟ್ ಆಂಪ್‌ನಿಂದ ಎಷ್ಟು ದೂರ ಕೂರುತ್ತೀರಿ? ಇನ್ನೊಂದು, ನೋಡಿಟ್ಟಿರುವ ಸೆಕೆಂಡ್‌ಹ್ಯಾಂಡ್ ಪೆಸಿಫಿಕಾದಲ್ಲಿ ಒಂದನೇ ತಂತಿಯನ್ನು 14ನೇ ಫ್ರೆಟ್‌ನಲ್ಲಿ ಬೆಂಡ್ ಮಾಡಿದರೆ ಸ್ವರ ಸಾಯುತ್ತದೆ. ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಣುಕು) ಎತ್ತಿದರೆ ಸಾಕೋ, ಫ್ರೆಟ್‌ಗಳನ್ನು ಉಜ್ಜಿ ಒಂದೇ ಮಟ್ಟಕ್ಕೆ ತರುವ ಲೆವೆಲಿಂಗೇ ಬೇಕೋ?